ಊರ ಜನಕ್ಕೆ ಚಾಟ್‌ಬಾಟ್ ಕಟ್ಟುವವರಿಗೆ: ತುಂಗಭದ್ರಾ ಎಡದಂಡೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಜೂನ್ ಮೊದಲ ವಾರ ನಮ್ಮ ಸಿಂಧನೂರು ಕಡೆಯ ಯಾವುದಾದರೂ ರೈತ ಸಂಪರ್ಕ ಕೇಂದ್ರದ ಮುಂದೆ ಅರ್ಧ ದಿನ ನಿಂತು ನೋಡಿ. ಬೀಜಕ್ಕೆ ಬಂದವರ ಸಾಲು ಗೇಟು ದಾಟಿರುತ್ತದೆ. ಕೌಂಟರಿನಲ್ಲಿ ಕೂತವರು ಅದದೇ ಐದಾರು ಪ್ರಶ್ನೆಗೆ ಬೆಳಗಿನಿಂದ ಉತ್ತರ ಹೇಳಿ ಹೇಳಿ ಗಂಟಲು ಕಟ್ಟಿಕೊಂಡಿರುತ್ತಾರೆ. ಪಾಣಿ (ಪಹಣಿ) ತರಬೇಕೇನ್ರಿ? ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಅಪ್ಪನ ಹೆಸರಲ್ಲಿದೆ, ನಡೀತದೇನ್ರಿ? ಜಾತಿ ಪ್ರಮಾಣಪತ್ರದ ಝೆರಾಕ್ಸ್ ಸಾಕೇನ್ರಿ? ಟಂಟಂ ಹತ್ತಿ ದೂರದ ಹಳ್ಳಿಯಿಂದ ಬಂದವರು ಒಂದು ಕಾಗದ ಇಲ್ಲವೆಂದು ತಿರುಗಿ ಹೋಗುತ್ತಾರೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಬಿತ್ತುವ ಹದ ಮೂರೂ ಹೋದಂತೆ.

ಹಿಂದಿನ ರಾತ್ರಿ ಮನೆಯಲ್ಲೇ ಕೂತು ಫೋನಿನಲ್ಲಿ ಕೇಳಿ ಸರಿಯಾದ ಉತ್ತರ ಪಡೆದಿದ್ದರೆ ಆ ಓಡಾಟ ಉಳಿಯುತ್ತಿತ್ತು. ಚಾಟ್‌ಬಾಟ್ ಮೇಲೆ ನನಗಿರುವ ಭರವಸೆ ಇಷ್ಟೇ, ಆದರೆ ಇದು ಸಣ್ಣ ಭರವಸೆಯಲ್ಲ. ಒಂದು ರೈತ ಉತ್ಪಾದಕ ಸಂಸ್ಥೆಯ ಸದಸ್ಯರಿಗಾಗಿ ಇಂಥದ್ದೊಂದು ಬಾಟ್ ಕಟ್ಟುವ ಕೆಲಸದಲ್ಲಿ ನಾನಿದ್ದೆ. ಅಲ್ಲಿ ಕಲಿತದ್ದನ್ನು, ಎಡವಿದ್ದನ್ನು ಸೇರಿಸಿ, ಕೆಲಸ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಗ್ರಾಮ ಪಂಚಾಯಿತಿಯಾಗಿರಲಿ, ಸಹಕಾರ ಸಂಘವಾಗಲಿ, ಕಾಲೇಜಾಗಲಿ, ಈ ದಾರಿ ಹೆಚ್ಚುಕಡಿಮೆ ಹೊಂದುತ್ತದೆ.

1. ಹೊಣೆ ಯಾರದೆಂದು ಮೊದಲು ಬರೆದಿಡಿ

ಕೋಡ್ ಬರೆಯುವ ಮುಂಚೆಯೇ ಇದಾಗಬೇಕು. ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ, ಮನೆಯಲ್ಲಿ ಸಾವಾದಾಗ ಸಿಗುವ ರಿಯಾಯಿತಿ ದರವನ್ನು ಪ್ರಯಾಣ ಮುಗಿಸಿದ ಮೇಲೂ ಕೇಳಬಹುದು ಎಂದು ಹೇಳಿತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ತಕರಾರು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ಬೇರೆಯೇ ಒಂದು ಘಟಕ, ಅದರ ಮಾತಿಗೆ ಅದೇ ಹೊಣೆ ಎಂಬ ವಾದವನ್ನೂ ಸಂಸ್ಥೆ ಮುಂದಿಟ್ಟಿತು. 2024ರ ಫೆಬ್ರವರಿಯಲ್ಲಿ ಬಂದ ತೀರ್ಪು ಆ ವಾದವನ್ನು ಒಪ್ಪಲಿಲ್ಲ. ಪ್ರಯಾಣಿಕನಿಗೆ ಹಣ ಕೊಡಬೇಕಾಯಿತು.

ವಿಮಾನದ ಟಿಕೆಟ್ಟಾದರೆ ಹಣ ವಾಪಸ್ ಕೊಡಬಹುದು. ನಮ್ಮಲ್ಲಿ ಆಲಿಕಲ್ಲು ಬಿದ್ದೋ ಹೊಲಕ್ಕೆ ನೀರು ನುಗ್ಗಿಯೋ ಬೆಳೆ ಹಾಳಾದರೆ, ಫಸಲ್ ಬಿಮಾ ಯೋಜನೆಯಡಿ 72 ಗಂಟೆಯೊಳಗೆ ತಿಳಿಸಬೇಕು. ಬಾಟ್ 72 ಗಂಟೆಯ ಬದಲು 7 ದಿನ ಎಂದರೆ ಆ ರೈತನ ವಿಮೆಯೇ ಕೈತಪ್ಪಬಹುದು. ಆ ನಷ್ಟ ತುಂಬಿಕೊಡುವವರು ಯಾರು? ನಮ್ಮ ಸಂಸ್ಥೆಯ ಆಡಳಿತ ಮಂಡಳಿ ಈ ಪ್ರಶ್ನೆಯ ಮೇಲೆ ಒಂದಿಡೀ ಸಂಜೆ ಕೂತಿತು. ಕೊನೆಗೆ ನಡಾವಳಿ ಪುಸ್ತಕದಲ್ಲಿ ಮೂರು ಸಾಲು ಬರೆಯಲಾಯಿತು: ಬಾಟ್ ಹೇಳಿದ ಮಾತು ಸಂಸ್ಥೆ ಹೇಳಿದ ಮಾತೇ, ತಪ್ಪು ಉತ್ತರದ ದೂರನ್ನು ಸ್ವೀಕರಿಸುವವರು ಇಂಥವರು, ಬಾಟನ್ನು ನಿಲ್ಲಿಸುವ ಅಧಿಕಾರ ಇವರಿಗಿದೆ. ಆ ಮೂರು ಸಾಲಿಗೆ ಸಹಿ ಹಾಕಲು ಯಾರೂ ಮುಂದೆ ಬರದಿದ್ದರೆ ಬಾಟ್ ಕಟ್ಟಲೇಬೇಡಿ.

2. ಪ್ರಶ್ನೆಗಳನ್ನು ಕೂಡಿಸಿ, ಕೆಲಸವನ್ನು ಕಿರಿದಾಗಿಸಿ

ಒಂದು ನೋಟ್‌ಬುಕ್ ಹಿಡಿದು ಎರಡು ವಾರ ಕೌಂಟರಿನ ಪಕ್ಕ ಕೂತುಕೊಳ್ಳಿ. ಜನ ಕೇಳಿದ ಪ್ರಶ್ನೆಯನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ನಾವು ಎರಡು ನೂರರಷ್ಟು ಕೂಡಿಸಿದೆವು. ಮುಂದೆ ಬಂದ ಎಲ್ಲ ತೀರ್ಮಾನಗಳಿಗೂ ಅದೇ ನೋಟ್‌ಬುಕ್ ಆಧಾರವಾಯಿತು.

ಆಮೇಲೆ ಪ್ರಶ್ನೆಗಳನ್ನು ಮೂರು ಗುಂಪು ಮಾಡಿ. ಉತ್ತರ ಕಾಗದದಲ್ಲಿ ಇರುವಂಥವು ಒಂದು: ದಾಖಲೆ, ಕೊನೆಯ ದಿನಾಂಕ, ಕಚೇರಿಯ ವಿಳಾಸ. ಬಲ್ಲವರು ಬಂದು ನೋಡಿ ಹೇಳಬೇಕಾದವು ಇನ್ನೊಂದು: ಎಲೆ ಯಾಕೆ ಕೆಂಪಾಗಿದೆ, ಯಾವ ಔಷಧ ಹೊಡೆಯಬೇಕು. ಯಾರಿಗೂ ಉತ್ತರ ಗೊತ್ತಿರದವು ಮೂರನೆಯದು. ನಮ್ಮಲ್ಲಿ ಆ ಮೂರನೆಯ ಗುಂಪಿನ ರಾಜ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ: ‘ಎರಡನೇ ಬೆಳಿಗೆ ನೀರು ಬಿಡ್ತಾರೇನ್ರಿ?’ ನೀರಾವರಿ ಸಲಹಾ ಸಮಿತಿ ಸಭೆ ಸೇರಿ ತೀರ್ಮಾನಿಸುವವರೆಗೆ ಇದಕ್ಕೆ ಉತ್ತರವಿಲ್ಲ. ಹಾಗೇ ಬಿಟ್ಟರೆ ಬಾಟ್ ಜಲಾಶಯದ ಮಟ್ಟ, ಹಿಂದಿನ ವರ್ಷದ ಸುದ್ದಿ ಎಲ್ಲ ಸೇರಿಸಿ ಒಂದು ಚೆಂದದ ಊಹೆ ಕಟ್ಟಿಕೊಡುತ್ತದೆ. ಅದನ್ನು ನಂಬಿ ಕಾಲುವೆಯ ಕೆಳಭಾಗದ ರೈತ ನೆಲ್ಲಿನ ಸಸಿ ಮಡಿ ಹಾಕಿಬಿಟ್ಟರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿಬಿ) ಡ್ಯಾಮಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತು. ಅಂಥ ರಾತ್ರಿ ನಿನ್ನೆಯ ಕಾಗದ ಓದಿಕೊಂಡ ಬಾಟ್, ‘ಜಲಾಶಯ ಭರ್ತಿಯಾಗಿದೆ, ಆತಂಕ ಬೇಡ’ ಎಂದು ಹೇಳುತ್ತಾ ಕೂತಿರುತ್ತದೆ.

ಮೊದಲ ಗುಂಪನ್ನು ಮಾತ್ರ ಬಾಟ್‌ಗೆ ಕೊಡಿ. ಎರಡನೆಯದನ್ನು ಮನುಷ್ಯರಿಗೆ ದಾಟಿಸಿ. ಮೂರನೆಯದಕ್ಕೆ ‘ಇದು ಇನ್ನೂ ತೀರ್ಮಾನವಾಗಿಲ್ಲ’ ಎಂಬ ಒಂದೇ ಉತ್ತರವನ್ನು ಕೈಯಾರೆ ಬರೆದಿಡಿ. ಮೊದಲ ಗುಂಪಿನಲ್ಲಿ ಮೂವತ್ತೇ ಪ್ರಶ್ನೆಗಳಿದ್ದರೆ ಎಐ ಬೇಕಾಗಿಯೇ ಇಲ್ಲ. ‘1 ಒತ್ತಿ, 2 ಒತ್ತಿ’ ಎನ್ನುವ ವಾಟ್ಸ್ಆ್ಯಪ್ ಮೆನು ಸಾಕು. ಅದು ಅಗ್ಗ, ತಪ್ಪು ಹೇಳುವುದೂ ಇಲ್ಲ.

3. ಕಾಗದಗಳನ್ನು ಹಸನು ಮಾಡಿ

ಅತಿ ಹೆಚ್ಚು ದಿನ ತಿಂದದ್ದು ಈ ಕೆಲಸ, ಹಾಗೆ ತಿನ್ನಬೇಕಾದದ್ದೂ ಹೌದು. ಇವತ್ತಿನ ಭಾಷಾ ಮಾಡೆಲ್‌ಗಳು ಮುಂದೆ ಯಾವ ಪದ ಬರಬಹುದು ಎಂದು ಲೆಕ್ಕ ಹಾಕಿ ವಾಕ್ಯ ಹೆಣೆಯುತ್ತವೆ. ನಿಜವೋ ಸುಳ್ಳೋ ಎಂದು ತೂಗಿ ನೋಡುವ ತಕ್ಕಡಿ ಅವುಗಳ ಒಳಗಿಲ್ಲ. ಅದಕ್ಕೇ ಉತ್ತರವನ್ನು ನೆನಪಿನಿಂದ ಹೇಳಲು ಬಿಡದೆ, ನಾವು ಕೊಟ್ಟ ಕಾಗದದಲ್ಲಿ ಹುಡುಕಿ, ಸಿಕ್ಕ ಭಾಗವನ್ನು ಮುಂದಿಟ್ಟುಕೊಂಡು ಹೇಳುವಂತೆ ಕಟ್ಟುತ್ತಾರೆ. ಕಾಗದ ಹುಳುಕಾಗಿದ್ದರೆ ಉತ್ತರವೂ ಹುಳುಕೇ.

ಕನ್ನಡದ ಕಾಗದಗಳಲ್ಲಿ ಎದುರಾಗುವ ಮೊದಲ ಗೋಡೆ ಹಳೆಯ ನುಡಿ, ಬರಹ ಫಾಂಟುಗಳು. ಪಿಡಿಎಫ್ ತೆರೆದರೆ ಕಣ್ಣಿಗೆ ಮುತ್ತಿನಂಥ ಕನ್ನಡ ಕಾಣುತ್ತದೆ. ಅದನ್ನೇ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ರೋಮನ್ ಅಕ್ಷರಗಳ ತಲೆ ಮೇಲೆ ಗೆರೆ, ಚುಕ್ಕಿ ಎಳೆದಂಥ ಗೋಜಲು ಬರುತ್ತದೆ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟಿನ ಗತಿ ಇದು, ಬಾಟ್‌ಗೆ ಕಾಣುವುದೂ ಆ ಗೋಜಲೇ. ಪರಿವರ್ತಕಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಅಲ್ಲಿ ಕೈಕೊಡುತ್ತವೆ. ಸ್ಕ್ಯಾನ್ ಮಾಡಿದ ಸುತ್ತೋಲೆಯಾದರೆ ಅಕ್ಷರ ಗುರುತಿಸುವ ತಂತ್ರಾಂಶ ಬೇಕು, ಅದಕ್ಕೂ ಇದೇ ಪಾಡು. ಕನ್ನಡದ ಸೊನ್ನೆ ಮತ್ತು ಅನುಸ್ವಾರ ನೋಡಲು ಒಂದೇ. ೧೦ ಎಂದಿದ್ದ ಕಡೆ ಏನೇನೋ ಬಂದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಕಿ ಇರುವ ಪ್ರತಿಯೊಂದು ಸಾಲನ್ನೂ ಮೂಲ ಕಾಗದ ಎದುರಿಟ್ಟುಕೊಂಡು ಇಬ್ಬರು ಓದಬೇಕು, ಒಬ್ಬರು ಜೋರಾಗಿ, ಇನ್ನೊಬ್ಬರು ಬೆರಳಿಟ್ಟು.

ಎರಡನೆಯ ಗೋಡೆ ಕಾಗದದ ವಯಸ್ಸು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಅದಕ್ಕೆ ಹಿಂದಿನ ಕಾಗದಗಳಲ್ಲಿ ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲೇ ಇದೆ. ಕಾರಟಗಿ, ಕನಕಗಿರಿ ಗಂಗಾವತಿಯಿಂದ, ಕುಕನೂರು ಯಲಬುರ್ಗಾದಿಂದ ಬೇರೆಯಾದವು; ಹಳೆಯ ಪಟ್ಟಿಗೆ ಇದು ತಿಳಿಯದು. ಜಿಲ್ಲಾಧಿಕಾರಿ ಕಚೇರಿಗೆ ಎಲ್ಲಿಗೆ ಹೋಗಬೇಕು ಎಂದು ಹೊಸಪೇಟೆಯ ಹುಡುಗಿ ಕೇಳಿದರೆ, ಹಳೆಯ ಕಾಗದ ಓದಿದ ಬಾಟ್ ಅವಳನ್ನು ಬಳ್ಳಾರಿ ಬಸ್ ಹತ್ತಿಸಬಹುದು. ಹಾಗಾಗಿ ಪ್ರತಿ ಕಾಗದದ ಜೊತೆ ನಾಲ್ಕು ವಿಷಯ ಕಟ್ಟಿಡಿ: ಹೊರಡಿಸಿದ ಇಲಾಖೆ, ಆದೇಶದ ಸಂಖ್ಯೆ, ದಿನಾಂಕ, ಎಲ್ಲಿಯವರೆಗೆ ಚಾಲ್ತಿ. ಅವಧಿ ಮುಗಿದದ್ದನ್ನು ಹುಡುಕಾಟದಿಂದಲೇ ತೆಗೆಯಿರಿ. ಉತ್ತರದ ಕೆಳಗೆ ‘ಇದು ಇಂಥ ದಿನಾಂಕದ ಸುತ್ತೋಲೆಯಂತೆ’ ಎಂದು ಬರಲಿ. ಅದನ್ನು ಫೋನಿನಲ್ಲಿ ತೋರಿಸಿ ಕಚೇರಿಯಲ್ಲಿ ಮಾತಾಡಲು ರೈತನಿಗೂ ಧೈರ್ಯ ಬರುತ್ತದೆ.

ಕಾಗದವನ್ನು ತುಂಡು ಮಾಡುವಾಗ ಇಷ್ಟು ಪದಕ್ಕೊಂದು ಎಂದು ಕತ್ತರಿಸಬೇಡಿ. ಒಂದು ವಿಷಯಕ್ಕೊಂದು ತುಂಡು ಮಾಡಿ. ಷರತ್ತು ಒಂದು ತುಂಡಿನಲ್ಲಿ, ‘ಈ ಕೆಳಗಿನವರನ್ನು ಹೊರತುಪಡಿಸಿ’ ಇನ್ನೊಂದು ತುಂಡಿನಲ್ಲಿ ಉಳಿದುಬಿಟ್ಟರೆ ಅನರ್ಹರಿಗೂ ಬಾಟ್ ಆಸೆ ಹುಟ್ಟಿಸುತ್ತದೆ.

4. ನಮ್ಮ ಮಾತನ್ನು ಕಲಿಸಿ

ಈ ಹೆಜ್ಜೆಯನ್ನು ಹೊರಗಿನ ಯಾವ ಕಂಪನಿಯೂ ನಿಮಗಾಗಿ ಮಾಡಿಕೊಡಲಾರದು.

ಬಾಟ್ ಮೊದಲ ಸಲ ಮಾತಾಡಿದ ದಿನ ಸಂಸ್ಥೆಯ ಗೋದಾಮಿನಲ್ಲಿ ಏಳೆಂಟು ಜನ ಚೀಲಗಳ ಮೇಲೆ ಕೂತು ಒಂದೊಂದೇ ಪ್ರಶ್ನೆ ಹಾಕುತ್ತಿದ್ದೆವು. ಜೋಳಕ್ಕೆ ವಿಮೆ ಕೇಳಿದರೆ ಮೆಕ್ಕೆಜೋಳದ ಉತ್ತರ ಬಂತು. ನಮ್ಮಲ್ಲಿ ಜೋಳ ಅಂದರೆ ರೊಟ್ಟಿಯ ಬಿಳಿಜೋಳ ಅಂತ ಅದಕ್ಕೇನು ಗೊತ್ತು! ‘ನೆಲ್ಲು’ ಎಂದರೆ ಭತ್ತವೆಂದು ಹಿಡಿಯಲಿಲ್ಲ. ಅಷ್ಟರಲ್ಲಿ ಹತ್ತಿ ಬೆಳೆಯುವ ಯುವಕನೊಬ್ಬ ‘ಹತ್ತಿಗೆ ಎಣ್ಣಿ ಯಾವಾಗ ಹೊಡಿಬೇಕು’ ಎಂದು ಬರೆದ. ಬಾಟ್ ಅಡುಗೆ ಎಣ್ಣೆಯ ಬಗ್ಗೆ ಏನೋ ಹೇಳಿತು. ಎಲ್ಲರೂ ನಕ್ಕರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುವುದು ರೂಢಿ.

ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ನಗಲಿಲ್ಲ. ‘ತಮ್ಮಾ, ಮನ್ಯಾಗ ಎಣ್ಣಿ ಕುಡದಾರ ಅಂತ ಬರಿ ನೋಡೂಣು’ ಎಂದರು. ಬರೆದೆವು. ಮದ್ಯಪಾನದ ಕೆಡುಕುಗಳ ಬಗ್ಗೆ ಐದು ಅಂಶಗಳ ಪಟ್ಟಿ ಬಂತು, ಕೊನೆಗೆ ಒಂದು ಶುಭಹಾರೈಕೆ. ಗೋದಾಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಮಾತಿನ ಅರ್ಥ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕೆಲವರಿಗೆ ತಮ್ಮ ಮನೆಯಲ್ಲೋ ಓಣಿಯಲ್ಲೋ ಆಗಿ ಗೊತ್ತಿತ್ತು.

ಅವತ್ತಿನಿಂದ ನಮ್ಮ ಬಾಟ್‌ನಲ್ಲಿ ಒಂದು ಬೇಲಿ ಇದೆ. ಎಣ್ಣಿ, ಔಷಧ, ವಿಷ, ಗುಳಿಗೆ ಇವುಗಳ ಜೊತೆ ಕುಡಿ, ತಿನ್ನು, ನುಂಗು ಎಂಬ ಕ್ರಿಯಾಪದದ ಯಾವ ರೂಪ ಬಂದರೂ ಸಂದೇಶ ಮಾಡೆಲ್ ತನಕ ಹೋಗುವುದೇ ಇಲ್ಲ. ವೈದ್ಯರಿಗೆ ತೋರಿಸಿ ಒಪ್ಪಿಸಿಕೊಂಡು, ಮನುಷ್ಯರೇ ಬರೆದ ನಾಲ್ಕು ಸಾಲು ತಕ್ಷಣ ಹೋಗುತ್ತದೆ: ಈಗಲೇ 108ಕ್ಕೆ ಫೋನ್ ಮಾಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ, ಔಷಧದ ಡಬ್ಬಿಯನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಿರಿ, ಒಬ್ಬರನ್ನೇ ಬಿಡಬೇಡಿ. ಸಾಲ, ಬೇಸರ, ‘ಸಾಕಾಗಿದೆ’ ಎಂಬಂಥ ಮಾತು ಬಂದರೆ ಹಗಲುರಾತ್ರಿ ಸಿಗುವ ಟೆಲಿ ಮಾನಸ್ ಸಂಖ್ಯೆ 14416 ಹೋಗುತ್ತದೆ, ಜೊತೆಗೆ ಸಂಸ್ಥೆಯ ಇಬ್ಬರ ಫೋನಿಗೆ ಸೂಚನೆ ಬರುತ್ತದೆ. ರೈತರ ಬಾಟ್‌ಗೆ ಇದೆಲ್ಲ ಯಾಕೆ ಎಂದು ಕೇಳಿದವರಿದ್ದರು. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ ಎಲಿಜಾ ಎಂಬ ಪುಟ್ಟ ತಂತ್ರಾಂಶ ಬರೆದರು. ನಾವು ಹೇಳಿದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುವುದಷ್ಟೇ ಅದಕ್ಕೆ ಬರುತ್ತಿತ್ತು. ಅದರ ಮುಂದೆಯೂ ಜನ ಮನಸ್ಸಿನ ಮಾತು ತೋಡಿಕೊಂಡರು. ನಡುರಾತ್ರಿ ಉತ್ತರ ಕೊಡುವ ಯಾವುದರ ಮುಂದೆಯಾದರೂ ನೊಂದವರು ಮಾತಾಡುತ್ತಾರೆ. ನೀವು ಅದಕ್ಕೆ ಸಿದ್ಧರಿರಬೇಕು.

ಪದಗಳ ಪಟ್ಟಿಯನ್ನು ಹೀಗೆ ಮಾಡಿ: ಎಡಕ್ಕೆ ಜನರ ಮಾತು, ನಡುವೆ ಕಾಗದದ ಮಾತು, ಬಲಕ್ಕೆ ಅನುಮಾನವಿದ್ದರೆ ಬಾಟ್ ತಿರುಗಿ ಕೇಳಬೇಕಾದ ಪ್ರಶ್ನೆ. ‘ಪಾಣಿ’ ಎಂದರೆ ಪಹಣಿ, ಉರ್ದು ಮನೆಮಾತಿನವರ ಬಾಯಲ್ಲಿ ಅದು ನೀರೂ ಆದೀತು. ‘ರೋಹಿಣಿ ಮಳಿ’ ಎಂದರೆ ಮೇ ಕೊನೆಯ ಹೊತ್ತು. ‘ಚೀಲ’ ಎಂದರೆ ನೆಲ್ಲಿಗೆ 75 ಕಿಲೋ, ಗೊಬ್ಬರಕ್ಕೆ ಬೇರೆ. ರಾಯಚೂರು, ಬಳ್ಳಾರಿಯಲ್ಲಿ ತೆಲುಗು ಬೆರೆಯುತ್ತದೆ. ಹುಡುಗರು ರೋಮನ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಾರೆ. ಎಲ್ಲವೂ ಪಟ್ಟಿಗೆ ಬರಲಿ.

ಆದರೆ ಬಾಟ್ ನಮ್ಮ ಆಡುಮಾತಿನಲ್ಲೇ ಉತ್ತರಿಸಲಿ ಎಂಬ ಆಸೆಯನ್ನು ಬಿಡಿ ಎನ್ನುತ್ತೇನೆ. ನಾವು ಮಾಡಿ ನೋಡಿದೆವು. ಹೆಂಗಸರಿಗೆ ಅದು ಅಣಕದಂತೆ ಕೇಳಿಸಿತು. ಆಡುಮಾತು ಅದಕ್ಕೆ ತಿಳಿದರೆ ಸಾಕು. ಉತ್ತರ ಸರಳ ಕನ್ನಡದಲ್ಲಿ, ಸಣ್ಣ ವಾಕ್ಯಗಳಲ್ಲಿ, ‘ನೀವು’ ಎಂಬ ಮರ್ಯಾದೆಯೊಂದಿಗೆ ಬರಲಿ.

5. ಅಂಕಿಗಳನ್ನು ಮಾಡೆಲ್ ಕೈಗೆ ಕೊಡಬೇಡಿ

ಫೋನ್ ನಂಬರು, ಶುಲ್ಕ, ಕೊನೆಯ ದಿನಾಂಕ ಇವು ಒಂದು ಕೋಷ್ಟಕದಿಂದ ಇದ್ದ ಹಾಗೇ ಬರಬೇಕು. ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ಸಂಖ್ಯೆಯಲ್ಲಿ ಒಂದು ಅಂಕಿ ಜರುಗಿದರೂ ರೈತ ಯಾರದೋ ಮನೆಗೆ ಫೋನ್ ಮಾಡುತ್ತಾನೆ. ಔಷಧದ ಪ್ರಮಾಣವನ್ನಂತೂ ಬಾಟ್ ಹೇಳಲೇಬಾರದು ಎಂಬುದು ನನ್ನ ಖಚಿತ ನಿಲುವು. ಲೀಟರಿಗೆ 0.3 ಎಂಎಲ್ ಎಂಬುದು 3 ಎಂಎಲ್ ಆಗಲು ಒಂದು ಚುಕ್ಕಿ ಜಾರಿದರೆ ಸಾಕು. ಡಬ್ಬಿಯ ಮೇಲಿನ ಚೀಟಿ ಓದಿಸಿಕೊಳ್ಳಿ, ಇಲ್ಲವೇ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕಾಲ್ ಸೆಂಟರಿಗೆ ಕೇಳಿ ಎಂದು ಹೇಳಲಿ.

6. ಧ್ವನಿ

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಟೈಪ್ ಮಾಡುವುದಿಲ್ಲ, ವಾಯ್ಸ್ ಕಳಿಸುತ್ತಾರೆ. ಕೇಂದ್ರ ಸರ್ಕಾರದ ಭಾಷಿಣಿ, ಐಐಟಿ ಮದ್ರಾಸಿನ ಎಐ4ಭಾರತ್ ಇವುಗಳಿಂದ ಕನ್ನಡ ಮಾತನ್ನು ಬರಹಕ್ಕಿಳಿಸುವ ಮಾಡೆಲ್‌ಗಳು ಸಿಗುತ್ತವೆ. ತೆಗೆದುಕೊಳ್ಳುವ ಮುಂಚೆ ನಿಮ್ಮ ಜನರ ದನಿಯಲ್ಲೇ ಪರೀಕ್ಷಿಸಿ: ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡ ಅಜ್ಜ, ಟ್ರ್ಯಾಕ್ಟರ್ ಸದ್ದಿನ ನಡುವಿನ ಹುಡುಗ, ತಗ್ಗಿದ ದನಿಯ ಅತ್ತೆ, ದೇವದುರ್ಗದವರೊಬ್ಬರು, ಕುಷ್ಟಗಿಯವರೊಬ್ಬರು. ಕೇಳಿಸಿಕೊಂಡದ್ದನ್ನು ಬಾಟ್ ಮೊದಲು ತಿರುಗಿ ಹೇಳಲಿ: ‘ನೀವು ಕೇಳಿದ್ದು ಬಿಳಿಜೋಳದ ವಿಮೆ ಬಗ್ಗೆ, ಹೌದಲ್ಲ?’ ಹೌದು ಎಂದ ಮೇಲೆ ಉತ್ತರ.

7. ಪರೀಕ್ಷೆ, ಕಿಡಿಗೇಡಿತನವೂ ಸೇರಿ

ಆ ಎರಡು ನೂರು ಪ್ರಶ್ನೆಗಳಿಗೆ ಬಲ್ಲವರಿಂದ ಸರಿಯುತ್ತರ ಬರೆಸಿ. ಬಾಟ್‌ನ ಉತ್ತರಗಳಿಗೆ ಮೂರೇ ಗುರುತು ಹಾಕಿ: ಸರಿ, ಗೊತ್ತಿಲ್ಲ ಎಂದಿತು, ತಪ್ಪು. ‘ಗೊತ್ತಿಲ್ಲ’ ಹೆಚ್ಚಿದ್ದರೆ ಕಾಗದ ಸೇರಿಸಿದರಾಯಿತು. ತಪ್ಪುಗಳನ್ನು ಮಾತ್ರ ಒಂದೊಂದಾಗಿ ಬಿಚ್ಚಿ ನೋಡಿ: ಸರಿಯಾದ ತುಂಡು ಸಿಗಲಿಲ್ಲವೋ, ಸಿಕ್ಕರೂ ತಿರುಚಿ ಹೇಳಿತೋ? ಮೊದಲನೆಯದು ಹುಡುಕಾಟದ ದೋಷ, ಎರಡನೆಯದು ಮಾಡೆಲ್‌ನದು, ಮದ್ದು ಬೇರೆ ಬೇರೆ. ಮಾಡೆಲ್ ಬದಲಿಸಿದಾಗ, ಹೊಸ ಸುತ್ತೋಲೆ ಸೇರಿಸಿದಾಗ ಪರೀಕ್ಷೆ ಮತ್ತೆ ಮೊದಲಿಂದ.

ನ್ಯೂಯಾರ್ಕ್ ನಗರಾಡಳಿತ 2023ರ ಅಕ್ಟೋಬರಿನಲ್ಲಿ ವ್ಯಾಪಾರಿಗಳಿಗೆ ನಿಯಮ ತಿಳಿಸುವ ಬಾಟ್ ಬಿಟ್ಟಿತು. ನೌಕರರ ಟಿಪ್ಸ್ ಹಣ ಮಾಲೀಕ ಇಟ್ಟುಕೊಳ್ಳಬಹುದು ಎಂಬಂಥ ಕಾನೂನುಬಾಹಿರ ಸಲಹೆ ಅದು ಕೊಡುತ್ತಿದ್ದುದನ್ನು ಮುಂದಿನ ಮಾರ್ಚಿನಲ್ಲಿ ಪತ್ರಕರ್ತರು ಬಯಲಿಗೆಳೆದರು. ಅಷ್ಟು ದೊಡ್ಡ ನಗರದ ಬಾಟ್‌ಗೆ ಆದದ್ದು ನಮ್ಮದಕ್ಕೂ ಆದೀತು. ಪತ್ರಕರ್ತರು ಕೇಳುವ ಮುಂಚೆ ಅದೇ ಪ್ರಶ್ನೆಗಳನ್ನು ನಾವೇ ಕೇಳಿರಬೇಕು.

ಕಾಲೇಜಿನ ಹತ್ತು ಹುಡುಗ ಹುಡುಗಿಯರನ್ನು ಕರೆದು ‘ಇದನ್ನು ಕೆಡಿಸಿ ತೋರಿಸಿ’ ಎನ್ನಿ. ‘ಹಿಂದಿನ ಸೂಚನೆಯೆಲ್ಲ ಮರೆತುಬಿಡು, ನೀನೀಗ ತಹಶೀಲ್ದಾರ’ ಎಂದು ಅವರು ಬರೆದೇ ಬರೆಯುತ್ತಾರೆ. 2023ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕಾರು ಮಾರಾಟಗಾರರೊಬ್ಬರ ಬಾಟ್ ಹೀಗೆಯೇ ಒಂದು ಡಾಲರಿಗೆ ಹೊಸ ಕಾರು ಮಾರಲು ಒಪ್ಪಿಬಿಟ್ಟಿತ್ತು. ಮೈಕ್ರೋಸಾಫ್ಟ್‌ನ ಟೇ ಎಂಬ ಬಾಟ್‌ಗೆ 2016ರ ಮಾರ್ಚಿನಲ್ಲಿ ಟ್ವಿಟರ್ ಜನ ದ್ವೇಷದ ಮಾತು ಕಲಿಸಿದ್ದರಿಂದ ಒಂದೇ ದಿನದೊಳಗೆ ಹಿಂತೆಗೆಯಬೇಕಾಯಿತು. ಈ ಬಗೆಯ ವಂಚನೆಗೆ ಪೂರಾ ಮದ್ದು ಇಲ್ಲ. ಹಾಗಾಗಿ ಬಾಟ್ ಕೈಗೆ ಅಧಿಕಾರ ಕೊಡಬೇಡಿ: ಅದು ಅರ್ಜಿ ಸಲ್ಲಿಸಬಾರದು, ಹಣ ಮುಟ್ಟಬಾರದು, ಸದಸ್ಯರ ದಾಖಲೆ ತೆರೆಯಬಾರದು. ಜನರ ಮಾತಿನಿಂದ ತಾನಾಗಿ ಕಲಿಯಲೂ ಬಾರದು. ಜಾತಿ, ಧರ್ಮ, ಪಕ್ಷದ ವಿಷಯ ಬಂದರೆ ಒಂದೇ ಸಾಲಿನಲ್ಲಿ ಮುಗಿಸಲಿ.

8. ಮಾಹಿತಿ ಮತ್ತು ಖರ್ಚು

ಬೇಡವೆಂದರೂ ಜನ ಆಧಾರ್ ಕಾರ್ಡಿನ ಫೋಟೋ, ಪಾಸ್‌ಬುಕ್ ಕಳಿಸುತ್ತಾರೆ. ಬಂದ ಕ್ಷಣವೇ ಅಳಿಸಿ, 12 ಅಂಕಿಯ ಸಾಲು ಕಂಡರೆ ಮುಚ್ಚುವ ವ್ಯವಸ್ಥೆ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಒಪ್ಪಿಗೆಯ ಸೂಚನೆಯನ್ನು ಎಂಟನೇ ಅನುಸೂಚಿಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ ಓದುವ ಅವಕಾಶ ಕೊಡಬೇಕು. 18 ವರ್ಷದೊಳಗಿನವರಿದ್ದರೆ ಪೋಷಕರ ಒಪ್ಪಿಗೆ ಬೇಕು. ಸೂಚನೆಯನ್ನು ಓದಲು ಬಾರದವರಿಗೆ ವಾಯ್ಸ್‌ನಲ್ಲೂ ಕಳಿಸಿ.

ಖರ್ಚಿನ ಬಗ್ಗೆ ಕನ್ನಡಿಗರು ತಿಳಿದಿರಬೇಕಾದ ಒಂದು ಮಾತು. ಮಾಡೆಲ್‌ಗಳು ಟೋಕನ್, ಅಂದರೆ ಪದದ ಚೂರುಗಳ ಲೆಕ್ಕದಲ್ಲಿ ಹಣ ಕೇಳುತ್ತವೆ. ‘ಕ್ಷೇತ್ರ’ ನಮ್ಮ ಕಣ್ಣಿಗೆ ಎರಡಕ್ಷರ; ಯೂನಿಕೋಡ್‌ನಲ್ಲಿ ಅದು 7 ಸಂಕೇತ, ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ರೀತಿಯಲ್ಲಿ 21 ಬೈಟ್. ಕನ್ನಡವನ್ನು ಹೆಚ್ಚು ಓದದ ಮಾಡೆಲ್ ಅದನ್ನು ಚೂರುಚೂರು ಮಾಡಿ ಎಣಿಸುತ್ತದೆ. ಒಂದೇ ಸೂಚನೆಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕೊಟ್ಟು ಟೋಕನ್ ಎಣಿಸಿ ನೋಡಿ, ಆಮೇಲೆ ಮಾಡೆಲ್ ಆರಿಸಿ. ಬಜೆಟ್ಟಿನಲ್ಲಿ ಉತ್ತರ ಪರಿಶೀಲಿಸುವ ಒಬ್ಬರ ಸಂಬಳವನ್ನು ಮೊದಲೇ ತೆಗೆದಿಡಿ. ಅದಕ್ಕೆ ಹಣ ಸಾಲದಿದ್ದರೆ ‘1 ಒತ್ತಿ, 2 ಒತ್ತಿ’ ಮೆನುವಿಗೇ ತಿರುಗಿ ಹೋಗಿ.

9. ಒಂದು ಹೋಬಳಿಯಿಂದ ಆರಂಭಿಸಿ

ಉದ್ಘಾಟನೆ, ರಿಬ್ಬನ್, ಪತ್ರಿಕಾ ಪ್ರಕಟಣೆ ಯಾವುದೂ ಬೇಡ. ಒಂದು ಹೋಬಳಿಯ ನಲವತ್ತು ಐವತ್ತು ಮನೆಗೆ ಕೊಡಿ, ಅದೂ ಬಿತ್ತನೆಯ ಗಡಿಬಿಡಿ ಇಲ್ಲದ ಹೊತ್ತಿನಲ್ಲಿ. ಮೊದಲ ಸಂದೇಶದಲ್ಲೇ ‘ನಾನು ಯಂತ್ರ, ತಪ್ಪು ಹೇಳಬಹುದು, ಮನುಷ್ಯರ ಜೊತೆ ಮಾತಾಡಲು 9 ಒತ್ತಿ’ ಎಂದಿರಲಿ. 9 ಒತ್ತಿದರೆ ಆ ಕಡೆ ನಿಜವಾಗಿಯೂ ಯಾರಾದರೂ ಫೋನ್ ಎತ್ತಬೇಕು.

ನಾವು ಪ್ರತಿ ಸೋಮವಾರ ಬೆಳಿಗ್ಗೆ ಹಿಂದಿನ ವಾರದ ಸಂಭಾಷಣೆಗಳನ್ನು ಹೆಸರು ನಂಬರು ತೆಗೆದು ಓದುತ್ತೇವೆ. ತಪ್ಪು ಉತ್ತರ ಹೋಗಿದ್ದರೆ ಪಡೆದವರಿಗೆ ಅದೇ ದಿನ ಫೋನ್ ಮಾಡಿ ಸರಿಯುತ್ತರ ಹೇಳುತ್ತೇವೆ. ಹೊಸ ಪದ ಕಂಡರೆ ಪಟ್ಟಿಗೆ ಸೇರುತ್ತದೆ. ಎಣ್ಣಿ ಕುಡಿಯುವ ಮಾತನ್ನು ಬರೆಯಿಸಿ ನೋಡಿದ ಆ ಹಿರಿಯರು ಈಗಲೂ ಸೋಮವಾರ ತಪ್ಪದೆ ಬರುತ್ತಾರೆ. ಕನ್ನಡಕ ಹಾಕಿಕೊಂಡು ಪಟ್ಟಿಯ ಎಡಗಡೆಯ ಸಾಲನ್ನು ಮೇಲಿಂದ ಕೆಳಗೆ ಓದುತ್ತಾರೆ, ಬಿಟ್ಟುಹೋದ ಒಂದೆರಡು ಮಾತುಗಳನ್ನು ಪೆನ್ಸಿಲ್‌ನಲ್ಲಿ ಸೇರಿಸಿ ಹೋಗುತ್ತಾರೆ.